ಹೂವು ಊರಲ್ಲೇ ಇದೆ, ನಂಬರ್ ಇಲ್ಲ

ಬೆಂಗಳೂರಿನಲ್ಲೋ ಪುಣೆಯಲ್ಲೋ ದುಡಿಯುವ, ರಾಯಚೂರು ಜಿಲ್ಲೆಯ ಗುರುಗುಂಟಾದ ಹೆಣ್ಣುಮಗಳೊಬ್ಬಳಿಗೆ ಒಂದು ಆಸೆ ಹುಟ್ಟಿತು ಎಂದಿಟ್ಟುಕೊಳ್ಳೋಣ. ಊರಲ್ಲಿರುವ ಅವ್ವ-ಅಪ್ಪನ ಮದುವೆಗೆ ನಲವತ್ತು ವರ್ಷ ತುಂಬುವ ದಿನ ಒಂದು ಜೋಡಿ ಹಾರ ಮನೆಗೆ ಮುಟ್ಟಬೇಕು. ಫೋನು ತೆಗೆದು ಊರ ಹೆಸರಿನ ಮುಂದೆ ‘ಹೂವು ಡೆಲಿವರಿ’ ಎಂದು ಹೊಡೆದರೆ ಅಂದಚೆಂದದ ಚಿತ್ರಗಳಿಗೇನೂ ಬರವಿಲ್ಲ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಕೆಂಪು ಗುಲಾಬಿ, ಪಕ್ಕದಲ್ಲಿ ಒಂದು ಗೊಂಬೆ ಕರಡಿ, ಕೆಳಗೆ ‘ಇಂದೇ ತಲುಪಿಸುತ್ತೇವೆ, ನಡುರಾತ್ರಿಯೂ ತಲುಪಿಸುತ್ತೇವೆ’ ಎಂಬ ಮಾತು. 584ರಿಂದ ಶುರುವಾಗುವ ಪಿನ್‌ಕೋಡ್ ಹಾಕಿದ ಮೇಲೆ ಎರಡರಲ್ಲೊಂದು ಆಗುತ್ತದೆ. ಈ ವಿಳಾಸಕ್ಕೆ ಸೇವೆ ಇಲ್ಲ ಎಂಬ ಉತ್ತರ ಬರುತ್ತದೆ. ಇಲ್ಲವೇ ಮೊದಲು ದುಡ್ಡು ಕಟ್ಟಿಸಿಕೊಂಡು, ಹೂವು ಕೊಡುವವರು ಯಾರಾದರೂ ಆ ಕಡೆ ಇದ್ದಾರೆಯೇ ಎಂದು ಆಮೇಲೆ ಹುಡುಕುತ್ತಾರೆ. ಮೊದಲನೆಯದು ನಿರಾಸೆ, ಎರಡನೆಯದು ಜೂಜು. ಇಷ್ಟಾಗುವ ಹೊತ್ತಿನಲ್ಲೇ ಅವಳ ಮನೆಯಿಂದ ಕೂಗಳತೆಯಲ್ಲಿ ಯಾರೋ ಒಬ್ಬರು ಬುಟ್ಟಿಯ ಮುಂದೆ ಕೂತು ಸೇವಂತಿಗೆ ಕಟ್ಟುತ್ತಿರುತ್ತಾರೆ.

ಈ ಪರದಾಟದಲ್ಲಿ ಕೊರತೆ ಯಾವುದು ಎಂದು ಸರಿಯಾಗಿ ಗುರುತಿಸದೆ ನಾವು ತಪ್ಪು ಬಾಗಿಲು ಬಡಿಯುತ್ತಿದ್ದೇವೆ. ಲಿಂಗಸುಗೂರು, ಮಸ್ಕಿ, ಸಿಂಧನೂರು ಸೀಮೆಯಲ್ಲಿ ಹೂವಿಗೆ ಕೊರತೆ ಇಲ್ಲ. ಅಮಾವಾಸ್ಯೆ, ಹುಣ್ಣಿಮೆ, ಸೋಮವಾರ, ಜಾತ್ರೆ ಯಾವುದೂ ಹೂವಿಲ್ಲದೆ ನಿಂತದ್ದಿಲ್ಲ. ಕಟ್ಟುವ ಕೈಗಳಿಗೆ ಕೊರತೆ ಇಲ್ಲ, ಮನೆಗೆ ಮುಟ್ಟಿಸುವ ಹುಡುಗರಿಗೂ ಇಲ್ಲ. ಇಲ್ಲದಿರುವುದು ದೂರದಲ್ಲಿರುವವರಿಗೆ ಸಿಗುವಂಥ ಒಂದು ಫೋನ್ ನಂಬರ್. ಆ ಹತ್ತು ಅಂಕಿಗಳ ಜಾಗದಲ್ಲಿ ಯಾರೋ ಮೂರನೆಯವರು ಬಂದು ಕೂತಿದ್ದಾರೆ. ಹೂವು ಬೆಳೆಯುವುದು, ಕಟ್ಟುವುದು, ಒಯ್ಯುವುದು ಇವುಗಳಲ್ಲಿ ಒಂದನ್ನೂ ಮಾಡದೆ ಬರಿಯ ಆರ್ಡರ್ ಹಿಡಿದದ್ದಕ್ಕೆ ಪಾಲು ಪಡೆಯುತ್ತಾರೆ. ನನ್ನ ವಾದ ಇಷ್ಟೇ: ಗುರುಗುಂಟಾದಂಥ ಊರಿಗೆ ಹೂವು ತಲುಪಿಸುವ ಕೆಲಸ ಆ ಊರಿನ ಹೂವಿನವರಿಂದ ಮಾತ್ರ ಆಗುತ್ತದೆ. ಆದ್ದರಿಂದ ಹುಡುಕಬೇಕಾದದ್ದು ಜಾಲತಾಣವನ್ನಲ್ಲ, ಅವರನ್ನು.

‘ಡೆಲಿವರಿ’ ಎಂಬ ಪದ ಹೊಸದಾದ ಮಾತ್ರಕ್ಕೆ ಕೆಲಸವೂ ಹೊಸದೆಂದು ನಂಬಿಬಿಟ್ಟಿದ್ದೇವೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮನೆಬಾಗಿಲಿಗೆ ಬರುವ ಸೇವೆಗಳಲ್ಲಿ ಹೂವಿನದು ಬಹಳ ಹಳೆಯದು. ಹೂಗಾರರು ನಸುಕಿನಲ್ಲೇ ಎದ್ದು ಹೂ-ಪತ್ರಿ ಕಿತ್ತು, ಬುಟ್ಟಿ ಹೊತ್ತು ಮನೆಮನೆಗೆ ಮುಟ್ಟಿಸುತ್ತಿದ್ದರು. ಲಿಂಗಪೂಜೆಯ ಮನೆಗೆ ಬಿಲ್ವಪತ್ರಿ ಎಷ್ಟು ಎಸಳು ಬೇಕು, ಯಾವ ಮನೆಯಲ್ಲಿ ಯಾವ ವಾರ ಒಪ್ಪತ್ತು, ಯಾರ ಮನೆಯಲ್ಲಿ ಸೂತಕ, ಯಾರ ಮನೆಯಲ್ಲಿ ಸೀಮಂತ ಎಂಬುದೆಲ್ಲ ಅವರಿಗೆ ಬಾಯಿಪಾಠ. ಮದುವೆಗೆ ದಂಡೆ, ಜಾತ್ರೆಗೆ ತೇರಿನ ಹಾರ, ಸಾವಿನ ಮನೆಗೆ ಹೇಳಿ ಕಳಿಸುವ ಮೊದಲೇ ಪತ್ರಿ. ಕೂಲಿ ರೊಕ್ಕದಲ್ಲಿ ಬರುತ್ತಿರಲಿಲ್ಲ. ಸುಗ್ಗಿಯಲ್ಲಿ ರಾಶಿಯ ಕಣಕ್ಕೆ ಹೋದಾಗ ಮೊರದ ಲೆಕ್ಕದಲ್ಲಿ ಜೋಳ ಬರುತ್ತಿತ್ತು, ಅದೇ ಆಯ. ಇಂದು ಚಂದಾ ಸೇವೆ ಎಂದು ಮಾರುವ ವ್ಯವಸ್ಥೆ, ಅಂದರೆ ವರ್ಷಕ್ಕೊಮ್ಮೆ ಕೊಟ್ಟು ದಿನವೂ ಪಡೆಯುವುದು, ಇದಕ್ಕಿಂತ ಬೇರೆಯೇನಲ್ಲ. 12ನೇ ಶತಮಾನದ ಶರಣರ ಸಾಲಿನಲ್ಲಿ ಹೂಗಾರ ಮಾದಯ್ಯನ ಹೆಸರಿದೆ. ಕಾಯಕವೇ ಗುರುತಾಗಿ ಉಳಿದ ಹೆಸರು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಕೂಡ ಅಲ್ಲಿನ ಬೀದಿಗಳಲ್ಲಿ ಎಲ್ಲೆಲ್ಲೂ ಗುಲಾಬಿ ಮಾರುವುದನ್ನು ಕಂಡು ಬೆರಗಾಗಿ, ಈ ಜನಕ್ಕೆ ಗುಲಾಬಿ ಅನ್ನದಷ್ಟೇ ಅಗತ್ಯ ಎಂಬರ್ಥದ ಮಾತು ಬರೆದಿಟ್ಟಿದ್ದಾನೆ. ತುಂಗಭದ್ರೆಯ ಆಚೆಗಿನ ಹೂವಿನ ಹಡಗಲಿಗೆ ಆ ಹೆಸರು ಬಂದದ್ದು ಹಂಪಿಗೆ ನದಿಯ ಮೇಲೆ ಹೂವು ಹೋಗುತ್ತಿದ್ದುದರಿಂದ ಎಂದು ಸ್ಥಳೀಯರು ಹೇಳುತ್ತಾರೆ. ಹೂವನ್ನು ದೂರಕ್ಕೆ ಕಳಿಸುವ ವಿದ್ಯೆಯನ್ನು ಈ ಸೀಮೆಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿರಲಿಲ್ಲ.

ಹೂವಿನ ಸ್ವಭಾವವನ್ನೇ ನೋಡಿದರೂ ವಾದ ಅಲ್ಲಿಗೇ ಬಂದು ನಿಲ್ಲುತ್ತದೆ. ಪುಸ್ತಕ, ಸೀರೆ, ಮಿಕ್ಸರ್ ಯಾವುದನ್ನೇ ಆಗಲಿ ಗೋದಾಮಿನಲ್ಲಿ ತಿಂಗಳುಗಟ್ಟಲೆ ಇಟ್ಟು, ಆರ್ಡರ್ ಬಂದಾಗ ಕಳಿಸಬಹುದು. ಮಲ್ಲಿಗೆಗೆ ಗೋದಾಮಿಲ್ಲ. ಬೆಳಗಿನ ಜಾವ ಮೊಗ್ಗಾಗಿದ್ದಾಗಲೇ ಬಿಡಿಸಬೇಕು, ಹಗಲಲ್ಲಿ ಕಟ್ಟಬೇಕು, ಸಂಜೆ ಅರಳುವ ಹೊತ್ತಿಗೆ ಮುಡಿಯಲ್ಲೋ ದೇವರ ಮೇಲೋ ಇರಬೇಕು. ಮರುದಿನ ಅದಕ್ಕೆ ಬಣ್ಣವೂ ಇಲ್ಲ, ಬೆಲೆಯೂ ಇಲ್ಲ. ಮೈಸೂರು, ಉಡುಪಿ, ಹಡಗಲಿ ಈ ಮೂರು ಊರಿನ ಮಲ್ಲಿಗೆಗಳಿಗೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಊರಿನ ಹೆಸರೇ ಹೂವಿನ ಗುಣ ಎಂದು ಕಾನೂನೂ ಒಪ್ಪಿದ ಹಾಗೆ. ಇವುಗಳಲ್ಲಿ ಉಡುಪಿ ಮಲ್ಲಿಗೆಯ ವ್ಯವಹಾರ ನಮ್ಮ ಚರ್ಚೆಗೆ ಒಳ್ಳೆಯ ಸಾಕ್ಷಿ. ಶಂಕರಪುರದ ಸುತ್ತ ಮನೆಯ ಹಿತ್ತಿಲಲ್ಲೇ ಗಿಡ, ಮನೆಯವರೇ ಬಿಡಿಸಿ ಬಾಳೆನಾರಿನಲ್ಲಿ ಕಟ್ಟುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದಿನದ ದರ ಶಂಕರಪುರದಲ್ಲೇ ತೀರ್ಮಾನವಾಗುತ್ತದೆ, ಆ ದರದ ಮೇಲೆ ಹೂವು ಮುಂಬೈವರೆಗೆ ಹೋಗುತ್ತದೆ. ಅಲ್ಲಿ ದೂರಕ್ಕೆ ಕಳಿಸುವ ವ್ಯವಸ್ಥೆ ಇದೆ, ಮಧ್ಯವರ್ತಿಯೂ ಇದ್ದಾನೆ. ಆದರೆ ಅಳತೆ, ದರ, ಗಳಿಗೆ ಮೂರೂ ಹೂವು ಬಲ್ಲವರ ಕೈಯಲ್ಲಿವೆ. ಹೂವನ್ನು ಕೈಯಿಂದ ಮುಟ್ಟದವನು ಅದರ ಗಳಿಗೆಯನ್ನು ಗೊತ್ತುಮಾಡಲಾರ. ಪರದೆಯ ಮೇಲೆ ‘ಸಂಜೆ 7ರಿಂದ 9’ ಎಂಬ ಚೌಕಕ್ಕೆ ಗುರುತು ಹಾಕುವುದು ಸುಲಭ. ಆ ದಿನದ ಮೊಗ್ಗು ಬಿಸಿಲಿಗೆ ಮಧ್ಯಾಹ್ನವೇ ಬಾಯಿ ಬಿಟ್ಟಿದೆ ಎಂಬುದು ಆ ಚೌಕಕ್ಕೆ ಗೊತ್ತಿರುವುದಿಲ್ಲ. ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಂತೂ ಒದ್ದೆಬಟ್ಟೆಯಲ್ಲಿ ಸುತ್ತಿಟ್ಟ ಮಾಲೆಗೂ ಬಿಸಿಲಿನಲ್ಲಿ ಬಿಟ್ಟ ಮಾಲೆಗೂ ಒಂದು ಗಂಟೆಯಲ್ಲೇ ಅಜಗಜಾಂತರ.

ಇನ್ನು ಮೂರನೆಯವರ ಲೆಕ್ಕ. ದೂರದ ಆರ್ಡರ್ ಹಿಡಿಯುವ ಉಪಾಯ ಹುಟ್ಟಿದ್ದು ಹೂವಿನಂಗಡಿಯವರಲ್ಲೇ ಎಂಬುದು ಇಲ್ಲಿ ಸ್ವಾರಸ್ಯದ ಸಂಗತಿ. 1910ರಲ್ಲಿ ಅಮೆರಿಕದ ಕೆಲವು ಹೂವಿನ ವ್ಯಾಪಾರಿಗಳು ಸೇರಿ ‘ಫ್ಲೋರಿಸ್ಟ್ಸ್ ಟೆಲಿಗ್ರಾಫ್ ಡೆಲಿವರಿ’ ಎಂಬ ಸಂಘ ಕಟ್ಟಿದರು. ಒಂದೂರಿನ ಅಂಗಡಿಯವನು ಆರ್ಡರ್ ಹಿಡಿದು ತಂತಿ ಕಳಿಸಿದರೆ, ಇನ್ನೊಂದೂರಿನ ಅಂಗಡಿಯವನು ಹೂವು ಕಟ್ಟಿ ಮನೆಗೆ ಮುಟ್ಟಿಸುತ್ತಿದ್ದ. ಹಿಡಿದವನಿಗೆ ಸುಮಾರು ಐದರಲ್ಲೊಂದು ಪಾಲು. ಇಬ್ಬರೂ ಹೂವಿನವರೇ, ಇಂದು ಕೊಟ್ಟವನು ನಾಳೆ ಪಡೆಯುವವನು. ಹಾಗಾಗಿ ಆ ಪಾಲು ಯಾರಿಗೂ ಭಾರವಾಗಲಿಲ್ಲ. 1990ರ ದಶಕದಲ್ಲಿ ಆ ಸಂಘ ಬಂಡವಾಳಗಾರರ ಕೈಸೇರಿ ಲಾಭದ ಕಂಪನಿಯಾಯಿತು, 2019ರಲ್ಲಿ ದಿವಾಳಿ ಅರ್ಜಿ ಹಾಕಿತು. ಅದು ಮುಗ್ಗರಿಸಲು ಕಾರಣ ಹಲವು, ಎಲ್ಲವನ್ನೂ ಒಂದೇ ಮಾತಿಗೆ ಕಟ್ಟಿಹಾಕುವುದು ತಪ್ಪಾದೀತು. ಆದರೆ ಅದೇ ಮಾದರಿಯನ್ನು ಹಿಡಿದು, ಅಂಗಡಿಯೇ ಇಲ್ಲದೆ ಬರಿಯ ಆರ್ಡರ್ ಹಿಡಿಯುವವರು ಆ ದೇಶದಲ್ಲಿ ಎಷ್ಟು ಹೆಚ್ಚಿದರೆಂದರೆ, ಊರಿನಲ್ಲಿ ಇಲ್ಲದ ವ್ಯಾಪಾರಿ ತಾನು ಆ ಊರಿನವನೇ ಎಂದು ಜಾಹೀರಾತು ಕೊಡುವುದನ್ನು ಕೆಲವು ರಾಜ್ಯಗಳು ಕಾನೂನು ಮಾಡಿಯೇ ತಡೆಯಬೇಕಾಯಿತು. ನಮ್ಮಲ್ಲಿ ಈಗ ಆಗುತ್ತಿರುವುದು ಅದರ ಮರುಪ್ರಯೋಗ. ಒಂದೇ ಪುಟ, ಊರಿನ ಹೆಸರಿನ ಜಾಗ ಖಾಲಿ, ಅಲ್ಲಿ ಇಂದು ಸಿಂಧನೂರು ಎಂದು ತುಂಬಿದರೆ ಸಿಂಧನೂರಿನ ಅಂಗಡಿ, ನಾಳೆ ಮಸ್ಕಿ ಎಂದು ತುಂಬಿದರೆ ಮಸ್ಕಿಯ ಅಂಗಡಿ. ಲೆಕ್ಕಕ್ಕೆಂದು ಸಾವಿರ ರೂಪಾಯಿ ಕಟ್ಟಿದಿರಿ ಎನ್ನಿ. ಅದರಲ್ಲಿ ಜಾಹೀರಾತಿನ ಖರ್ಚು ಹೋಗಿ, ತಾಣದ ಪಾಲು ಹೋಗಿ, ಹತ್ತಿರದ ಪಟ್ಟಣದಲ್ಲಿ ಆರ್ಡರ್ ಇಳಿಸಿಕೊಂಡ ಅಂಗಡಿಯ ಪಾಲು ಹೋಗಿ, ಅಲ್ಲಿಂದ ಊರಿಗೆ ಒಯ್ಯುವವನ ಬಾಡಿಗೆ ಹೋಗಿ ಉಳಿದದ್ದರಲ್ಲಿ ಹೂವು. ಬುಟ್ಟಿ ಬಡವಾಗುವುದು ಇಲ್ಲಿಯೇ. ಹೂವಿನ ಜೊತೆ ನಾರೂ ಸ್ವರ್ಗ ಸೇರಿತು ಎಂಬುದು ನಮ್ಮ ಗಾದೆ. ಈ ವ್ಯವಹಾರದಲ್ಲಿ ನಾರೊಂದೇ ಸ್ವರ್ಗಕ್ಕೆ ಹೋಗಿದೆ, ಹೂವು ಬಸ್‌ಸ್ಟ್ಯಾಂಡಿನಲ್ಲೇ ಉಳಿದಿದೆ.

‘ಕಂಪನಿಯಾದರೆ ಕೇಳುವುದಕ್ಕೊಂದು ಜಾಗವಿದೆ, ಬುಟ್ಟಿಯವರನ್ನು ಎಲ್ಲಿ ಹುಡುಕುವುದು?’ ಎಂಬ ಆಕ್ಷೇಪ ಮೊದಲು ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಕೇಂದ್ರ ಸರ್ಕಾರದ 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ, ಬೇರೆಯವರ ಸರಕನ್ನು ತನ್ನ ಜಗುಲಿಯ ಮೇಲಿಟ್ಟು ಮಾರುವ ತಾಣವು ಮಾರುವವರು ಯಾರು, ಅವರ ವಿಳಾಸ ಯಾವುದು ಎಂಬುದನ್ನು ಗ್ರಾಹಕನಿಗೆ ಕಾಣುವಂತೆ ತೋರಿಸಬೇಕು; ದೂರು ಬಂದ 48 ಗಂಟೆಯೊಳಗೆ ಮುಟ್ಟಿತೆಂದು ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕು. ಮೊದಲು ಒಂದು ಬೆಲೆ ತೋರಿಸಿ, ಕೊನೆಯ ಪುಟದಲ್ಲಿ ಹೊತ್ತಿನ ಶುಲ್ಕ, ಸೇವೆಯ ಶುಲ್ಕ ಎಂದು ತೊಟ್ಟುತೊಟ್ಟಾಗಿ ಏರಿಸುವುದನ್ನು 2023ರ ಮಾರ್ಗಸೂಚಿ ನಿಷೇಧಿಸಿದ ಹದಿಮೂರು ಮೋಸದ ವಿನ್ಯಾಸಗಳ ಪಟ್ಟಿಯಲ್ಲಿ ಸೇರಿಸಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915. ಈ ಭಾಗದವರಿಗೆ ನೆನಪಿಡಲು ಕಷ್ಟವಿಲ್ಲ. ಮಸ್ಕಿಯ ಅಶೋಕನ ಶಾಸನ ಬೆಳಕಿಗೆ ಬಂದ ಇಸವಿಯೂ ಅದೇ. ಆ ಬಂಡೆಗೆ ಅಷ್ಟು ಬೆಲೆ ಬಂದದ್ದೇಕೆ ಎಂಬುದನ್ನೂ ನೆನೆಯಬಹುದು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬಂಥ ಬಿರುದುಗಳಷ್ಟೇ ಇದ್ದವು, ಆಡಿದವನ ಹೆಸರು ಸಿಕ್ಕಿದ್ದು ಮಸ್ಕಿಯಲ್ಲಿ. ಹೂವು ಕೊಳ್ಳುವವರೂ ಕೇಳಬೇಕಾದದ್ದು ಅದನ್ನೇ: ಬಿರುದು ಬೇಡ, ಹೆಸರು ಹೇಳಿ. ಕಟ್ಟುವವರು ಯಾರು, ಅಂಗಡಿ ಎಲ್ಲಿದೆ? ಉತ್ತರ ಕೊಡುವ ತಾಣ ನಂಬಿಕೆಗೆ ಅರ್ಹ, ತಡವರಿಸುವ ತಾಣ ಅಲ್ಲ. ಕಾನೂನು ಗ್ರಾಹಕನ ಪರವಾಗಿದೆ ನಿಜ, ಆದರೆ ಹೂವಿನ ವಿಷಯದಲ್ಲಿ ಅದು ತಡವಾಗಿ ಬರುವ ನೆಂಟ. ತಿಂಗಳ ಮೇಲೆ ದುಡ್ಡು ವಾಪಸ್ ಬರಬಹುದು, ಅವ್ವ-ಅಪ್ಪನ ಆ ಸಂಜೆ ವಾಪಸ್ ಬರುವುದಿಲ್ಲ. ಊರಿನ ಹೂವಿನವರಿಗೆ ಇರುವ ಹೊಣೆಗಾರಿಕೆ ಬೇರೆ ತರಹದ್ದು. ಅವರು ಮರುದಿನವೂ ಅದೇ ಕಟ್ಟೆಯ ಮೇಲೆ ಕೂರಬೇಕು, ನಿಮ್ಮ ಅವ್ವ ಅದೇ ದಾರಿಯಲ್ಲಿ ಬರುತ್ತಾಳೆ. ಬಾಡಿದ ಹಾರ ಕೊಟ್ಟು ಊರಲ್ಲಿ ತಲೆ ಎತ್ತಿ ಓಡಾಡುವುದು ಸುಲಭವಲ್ಲ.

ಬೆಲೆಯ ಮಾತು ಬಂದಾಗ ಸ್ಥಳೀಯರ ಪರ ವಾದಿಸುವವರು ಸ್ವಲ್ಪ ಪ್ರಾಮಾಣಿಕರಾಗಬೇಕು. ಮೊಳದ ಲೆಕ್ಕ ಮೊಳ ಹಾಕುವವರ ಕೈ ಉದ್ದದ ಲೆಕ್ಕ; ಮಾರು ಎಂದರೆ ಎರಡೂ ಕೈ ಚಾಚಿದಷ್ಟು, ಚಾಚುವ ಮನಸ್ಸಿದ್ದಷ್ಟು. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಇದ್ದ ದರ ಸಂಜೆಗೆ ಇರುವುದಿಲ್ಲ. ಎದುರು ನಿಂತವರು ಚೌಕಾಸಿ ಮಾಡಿಯಾರು. ದೂರದಿಂದ ಫೋನ್ ಮಾಡಿದವರಿಗೆ ಹೇಳಿದ್ದೇ ಬೆಲೆ. ಇದೆಲ್ಲ ನಿಜ. ಆದರೆ ಈ ಏರಿಳಿತ ಹೂವಿನ ಸಂತೆಯದೇ ಏರಿಳಿತ, ಅಡಗಿಸಿಟ್ಟದ್ದಲ್ಲ. ದಸರೆಗೆ ಸೇವಂತಿಗೆ ತುಟ್ಟಿ ಎಂದು ಊರಿಗೆಲ್ಲ ಗೊತ್ತಿರುತ್ತದೆ, ನಿಮ್ಮ ಮನೆಯವರಿಗೂ ಗೊತ್ತಿರುತ್ತದೆ. ತಾಣದಲ್ಲಿ ವರ್ಷವಿಡೀ ಒಂದೇ ಬೆಲೆ ಕಾಣುತ್ತದಲ್ಲ, ಅದರ ಗುಟ್ಟೇನು? ಬೆಲೆ ನಿಂತಿರುತ್ತದೆ, ಬುಟ್ಟಿಯೊಳಗಿನ ಹೂವು ಕಡಿಮೆಯಾಗುತ್ತದೆ. ಚಿತ್ರದಲ್ಲಿ ಕಂಡಂತೆಯೇ ಇರುವುದಿಲ್ಲ, ಲಭ್ಯತೆಗೆ ತಕ್ಕಂತೆ ಬದಲಾಗಬಹುದು ಎಂದು ಸಣ್ಣ ಅಕ್ಷರದಲ್ಲಿ ಬರೆದೇ ಇರುತ್ತಾರೆ. ಹೂವಿನಾಕಿ ಅದೇ ಮಾತನ್ನು ದೊಡ್ಡ ದನಿಯಲ್ಲಿ ಹೇಳುತ್ತಾಳೆ: ಇವತ್ತು ಮಲ್ಲಿಗಿ ಇಲ್ಲ, ಸುಗಂಧರಾಜ ಹಾಕಲೇನು? ಎರಡರಲ್ಲಿ ಯಾವುದು ನೇರ ವ್ಯವಹಾರ ಎಂಬುದನ್ನು ಓದುಗರೇ ತೂಗಿ ನೋಡಬಹುದು.

ಆಯ್ಕೆಯ ಆಕ್ಷೇಪ ಇನ್ನೊಂದಿದೆ. ಕಾಲ ಬದಲಾಗಿದೆ, ಈಗಿನವರಿಗೆ ಬೊಕೆ ಬೇಕು, ಲಿಲ್ಲಿ ಬೇಕು, ಆರ್ಕಿಡ್ ಬೇಕು. ಹಳ್ಳಿಯ ಹೂವಿನವರಲ್ಲಿ ಸಿಗುವುದು ಚೆಂಡುಹೂ, ಸೇವಂತಿಗೆ, ಅಬ್ಬಲಿಗೆ, ಮಲ್ಲಿಗೆ ಅಷ್ಟೇ ಎಂಬುದು. ಹಟ್ಟಿ ಚಿನ್ನದ ಗಣಿಯಲ್ಲಿ ಯಾರಾದರೂ ನಿವೃತ್ತರಾದರೆ, ಸಿಂಧನೂರಿನಲ್ಲಿ ಹೊಸ ಅಂಗಡಿ ಉದ್ಘಾಟನೆಯಾದರೆ, ಶಾಲೆಯಿಂದ ಮೇಷ್ಟ್ರು ವರ್ಗವಾದರೆ ಈಗ ಹಾರದ ಜೊತೆ ಹೂಗುಚ್ಛವೂ ಬೇಕು, ಒಪ್ಪೋಣ. ಆದರೆ ಗುಲಾಬಿಯ ಕಟ್ಟು ಬೆಂಗಳೂರು ಕಡೆಯಿಂದ ಸಿಂಧನೂರಿನವರೆಗೆ ಬರುವುದಾದರೆ, ಹೇಳಿಟ್ಟರೆ ಗುರುಗುಂಟಾಕ್ಕೂ ಬಂದೀತು. ಅದನ್ನು ತರಿಸಲು ಬೇಕಾದದ್ದು ಎರಡು ದಿನದ ಸಮಯ, ತಾಣವಲ್ಲ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಯಾವ ಹೂವು ಎಲ್ಲಿಗೆ ಸಲ್ಲುತ್ತದೆ ಎಂಬ ತಿಳಿವಳಿಕೆಯೇ ಈ ಕಸುಬಿನ ಅರ್ಧ ಬಂಡವಾಳ. ಈ ಸೀಮೆಯ ಅಮರೇಶ್ವರನ ಗುಡಿಗೆ ಒಯ್ಯುವ ಬುಟ್ಟಿಯಲ್ಲಿ ಪತ್ರಿ ಇರಲೇಬೇಕು. ಲಿಂಗಾಯತರ ಮನೆಯ ಸಾವಿಗೆ ವಿಭೂತಿಯ ಜೊತೆ ಪತ್ರಿ ಸೇರಬೇಕು, ದೂರದಿಂದ ಬಂದ ಬಿಳಿ ಲಿಲ್ಲಿಯ ಗುಚ್ಛವನ್ನು ಎಲ್ಲಿಡಬೇಕೆಂದು ಆ ಮನೆಯವರಿಗೆ ತಿಳಿಯದು. ಉರುಸಿಗೆ ಒಯ್ಯುವ ಹೂವಿನ ಚಾದರದ ನೇಯ್ಗೆಯೇ ಬೇರೆ. ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆಸಿದ ಬಂಗಾಳಿ ಕುಟುಂಬಗಳ ದುರ್ಗಾಪೂಜೆಗೆ ಬೇಕಾದ ಹೂವು, ಭತ್ತದ ಗದ್ದೆಗಳ ನಡುವೆ ಕ್ಯಾಂಪು ಕಟ್ಟಿಕೊಂಡ ಆಂಧ್ರದ ರೈತರ ಸಂಕ್ರಾಂತಿಗೆ ಬೇಕಾದ ಹೂವು, ಇವೆಲ್ಲ ಇಲ್ಲಿನ ವ್ಯಾಪಾರಿಗಳು ನೋಡಿ ಕಲಿಯಬಲ್ಲ ಸಂಗತಿಗಳು. ತಾಣದ ಪಟ್ಟಿಯಲ್ಲಿ ‘ಸಂದರ್ಭ’ ಎಂಬ ಒಂದೇ ಗುಂಡಿಯ ಕೆಳಗೆ ಇವು ಹಿಡಿಸುವುದಿಲ್ಲ.

‘ಸ್ಥಳೀಯ’ ಎಂಬ ಪದವೇ ಸುಳ್ಳಲ್ಲವೇ ಎಂದು ಕೇಳುವ ಜಾಣರೂ ಇದ್ದಾರೆ. ಗುರುಗುಂಟಾದ ಬುಟ್ಟಿಯ ಹೂವೆಲ್ಲ ಗುರುಗುಂಟಾದ ಮಣ್ಣಿನಲ್ಲೇ ಅರಳಿದ್ದಲ್ಲ, ಎಷ್ಟೋ ಹೂವು ಹೊರಗಿನ ಮಾರುಕಟ್ಟೆಯಿಂದ ಗಂಟುಕಟ್ಟಿ ಬಸ್ಸಿನಲ್ಲಿ ಬರುತ್ತದೆ. ಖಂಡಿತ ಹೌದು. ಸಿಂಧನೂರಿನ ಕಾಲುವೆ ನೀರು ಭತ್ತಕ್ಕೆ ಹೋಗುತ್ತದೆ, ಲಿಂಗಸುಗೂರಿನ ಹೊಲಗಳು ತೊಗರಿ, ಸಜ್ಜೆ, ಸೂರ್ಯಕಾಂತಿಗೆ ಹೋಗುತ್ತವೆ. ಹೊಲತುಂಬ ಸೂರ್ಯಕಾಂತಿ ಅರಳಿದರೂ ಒಂದು ಮೊಳ ಮುಡಿಯಲಾಗದು. ಆದರೆ ನಾನು ಸ್ಥಳೀಯ ಎನ್ನುತ್ತಿರುವುದು ಗಿಡವನ್ನಲ್ಲ, ಮನುಷ್ಯರನ್ನು. ಬಿಡಿಹೂವಿನ ಗಂಟು ಬಂದಿಳಿದ ಮೇಲೆ ಅದನ್ನು ಆರಿಸಿ, ಬಾಡಿದ್ದನ್ನು ಬಿಸಾಡಿ, ನೀರು ಚಿಮುಕಿಸಿ, ದಾರಕ್ಕೆ ಕೂಡಿಸಿ, ಮನೆ ಗುರುತು ಹಿಡಿದು ಮುಟ್ಟಿಸುವವರೆಗಿನ ದುಡಿಮೆ ಊರಿನದು. ಹೂವಿನ ಬೆಲೆಯಲ್ಲಿ ಆ ದುಡಿಮೆಯ ಪಾಲು ದೊಡ್ಡದು. ಮನೆ ನಂಬರು, ಅಡ್ಡರಸ್ತೆಯ ನಂಬರು ಇಲ್ಲದ ಊರಿನಲ್ಲಿ ವಿಳಾಸ ಎಂದರೆ ‘ಅಗಸಿ ದಾಟಿ, ಬಾವಿಯ ಹತ್ತಿರ, ಇಂಥವರ ಮನೆಯ ಹಿಂದೆ’ ಎಂದು. ಇದನ್ನು ನಕ್ಷೆ ನೋಡಿ ಹೋಗುವ ಹುಡುಗನಿಗೆ ಹೇಳಿ ನೋಡಿ, ಹೂವಿನ ಹುಡುಗನಿಗೆ ಹೇಳಿ ನೋಡಿ.

ನನಗೆ ಕಠಿಣ ಎನಿಸುವ ಆಕ್ಷೇಪ ಬೇರೆಯೇ ಇದೆ. ಆಯದ ಕಾಲವನ್ನು ಹೊಗಳುವುದು ಜಾತಿಗೆ ಕಟ್ಟಿಹಾಕಿದ ದುಡಿಮೆಯನ್ನು ಹೊಗಳಿದಂತಾಗುವುದಿಲ್ಲವೇ ಎಂಬುದು. ಆಗುತ್ತದೆ, ಎಚ್ಚರ ತಪ್ಪಿದರೆ ಆಗಿಯೇ ಆಗುತ್ತದೆ. ಹೂಗಾರನ ಮಗ ಹೂಗಾರನೇ ಆಗಬೇಕೆಂಬ ಕಟ್ಟಳೆಯಲ್ಲಿ ಮಳೆ ಬಾರದ ವರ್ಷ ಕಣಕ್ಕೆ ಹೋದವರಿಗೆ ಬರಿಯ ಮೊರವೇ ಗತಿ. ದರ ಕೇಳುವ, ಒಲ್ಲೆ ಎನ್ನುವ ಹಕ್ಕು ಅವರಿಗೆ ಇರಲಿಲ್ಲ. ಆ ವ್ಯವಸ್ಥೆ ಮುರಿದದ್ದು ಒಳ್ಳೆಯದೇ ಆಯಿತು. ಇಂದು ಹೂವು ಮಾರುವವರಲ್ಲಿ ಎಲ್ಲ ಜಾತಿಯವರಿದ್ದಾರೆ, ಮುಸ್ಲಿಮರಿದ್ದಾರೆ. ಕಟ್ಟುವ ಕೈಗಳಲ್ಲಿ ಬಹುಪಾಲು ಹೆಂಗಸರವು. ಹಾಗೆಂದು ಈಗಿನ ಹೊಸ ವ್ಯವಸ್ಥೆಯಲ್ಲಿ ಸ್ವಾತಂತ್ರ್ಯ ಬಂತೇ ಎಂದು ನೋಡಿದರೆ ಬೇರೆಯದೇ ಕಾಣುತ್ತದೆ. ಆರ್ಡರ್ ಕೊಡುವ ತಾಣ ದರ ಹೇಳುತ್ತದೆ, ಕಟ್ಟುವವರು ಒಪ್ಪಬೇಕು. ಗ್ರಾಹಕ ಯಾರೆಂದು ಕಟ್ಟಿದವರಿಗೆ ಗೊತ್ತಾಗುವುದಿಲ್ಲ, ಕಟ್ಟಿದವರು ಯಾರೆಂದು ಗ್ರಾಹಕನಿಗೂ ಗೊತ್ತಾಗುವುದಿಲ್ಲ. ಮೆಚ್ಚಿದರೂ ಎರಡನೇ ಸಲ ಅವರನ್ನೇ ಕೇಳಿ ತರಿಸುವ ದಾರಿ ಇಲ್ಲ. ಆಯಗಾರಿಕೆಯಲ್ಲಿ ಹೆಸರಿತ್ತು, ದರ ಕೇಳುವ ಹಕ್ಕಿರಲಿಲ್ಲ. ಇಲ್ಲಿ ಹಕ್ಕಿನ ಜೊತೆ ಹೆಸರೂ ಹೋಯಿತು. ಹೂವಿನವರೇ ಫೋನು ಎತ್ತಿ, ತಮ್ಮ ದರ ತಾವೇ ಹೇಳಿ, ತಮ್ಮ ಖಾತೆಗೇ ದುಡ್ಡು ಪಡೆಯುವ ವ್ಯವಹಾರ ಈ ಎರಡರಿಂದಲೂ ಭಿನ್ನ. ನಾನು ಕೇಳುತ್ತಿರುವುದು ಹಳೆಯದಕ್ಕೆ ಮರಳುವುದನ್ನಲ್ಲ, ಹಳೆಯದರಲ್ಲಿದ್ದ ಗುರುತನ್ನು ಹೊಸದರ ಹಕ್ಕಿನೊಡನೆ ಕೂಡಿಸುವುದನ್ನು.

ತಂತ್ರಜ್ಞಾನಕ್ಕೆ ನನ್ನ ವಿರೋಧವಿಲ್ಲ. ನಿಜವಾಗಿ ಈ ಕೆಲಸಕ್ಕೆ ಬೇಕಾದ ತಂತ್ರಜ್ಞಾನವೆಲ್ಲ ಬುಟ್ಟಿಯ ಪಕ್ಕದಲ್ಲಾಗಲೇ ಬಂದು ಕೂತಿದೆ. ತೆಂಗಿನಕಾಯಿ, ಊದುಬತ್ತಿಗಳ ನಡುವೆ ಕ್ಯೂಆರ್ ಕೋಡಿನ ರಟ್ಟು ನಿಲ್ಲಿಸಿಕೊಂಡವರಿಗೆ ಬೆಂಗಳೂರಿನ ದುಡ್ಡು ಒಂದು ಕ್ಷಣದಲ್ಲಿ ಬಂದು ಬೀಳುತ್ತದೆ. ಕಟ್ಟಿದ ಹಾರದ ಫೋಟೊ ವಾಟ್ಸ್‌ಆ್ಯಪಿನಲ್ಲಿ ಹೋಗುತ್ತದೆ. ಉಳಿದಿರುವುದು ಒಂದು ಸಣ್ಣ ಕೊಂಡಿ: ಊರು ಬಿಟ್ಟವರ ಫೋನಿಗೆ ಆ ನಂಬರ್ ಹೋಗಿ ಸೇರುವುದು. ಗೂಗಲ್ ನಕ್ಷೆಯಲ್ಲಿ ಅಂಗಡಿಯ ಹೆಸರು ಸೇರಿಸಲು ದುಡ್ಡು ಕಟ್ಟಬೇಕಿಲ್ಲ. ಕಾಲೇಜಿಗೆ ಹೋಗುವ ಮನೆಯ ಮಗಳೋ ಮಗನೋ ಮಾಡಿಕೊಡಬಲ್ಲ ಕೆಲಸ ಅದು. ಅಂಗಡಿಯ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಾಕಿ, ಬಸ್‌ಸ್ಟ್ಯಾಂಡೋ ಗುಡಿಯೋ ಹತ್ತಿರದ ಗುರುತು ಕೊಟ್ಟು, ಎಷ್ಟು ಹೊತ್ತು ಮುಂಚೆ ಹೇಳಬೇಕು ಎಂಬುದನ್ನು ಬರೆದರೆ ಸಾಕು. ಅಷ್ಟು ಮಾಡಿದರೆ, ಖಾಲಿ ಜಾಗದಲ್ಲಿ ಊರ ಹೆಸರು ತುಂಬಿ ನಿಂತ ಪುಟಗಳ ಸಾಲಿನಲ್ಲಿ ಒಂದಾದರೂ ನಿಜವಾದ ವಿಳಾಸ ಕಾಣುತ್ತದೆ.

ಇಲ್ಲಿ ಸರ್ಕಾರದ ಕಡೆಗೂ ಒಂದು ಮಾತು ಹೇಳಬೇಕಿದೆ. ಬೀದಿಬದಿ ವ್ಯಾಪಾರಿಗಳ ಜೀವನೋಪಾಯ ರಕ್ಷಿಸಲು 2014ರಲ್ಲಿ ಬಂದ ಕಾಯ್ದೆ ಒಳ್ಳೆಯ ಕಾಯ್ದೆ. ವ್ಯಾಪಾರಿಗಳ ಸಮೀಕ್ಷೆ, ಗುರುತಿನ ಚೀಟಿ, ವ್ಯಾಪಾರಿಗಳೇ ಕನಿಷ್ಠ ಶೇಕಡಾ 40 ಇರಬೇಕಾದ ಪಟ್ಟಣ ಮಾರಾಟ ಸಮಿತಿ, ಎಬ್ಬಿಸುವ ಮೊದಲು ನೋಟಿಸ್, ಎಲ್ಲವೂ ಅದರಲ್ಲಿವೆ. 2020ರಲ್ಲಿ ಆರಂಭವಾದ ಪಿಎಂ ಸ್ವನಿಧಿಯಲ್ಲಿ ಮೊದಲ ಕಂತಿಗೆ 10,000 ರೂಪಾಯಿ ಸಾಲ ಎಂದಾಗ, ದಿನದ ಬಂಡವಾಳವನ್ನು ಬಡ್ಡಿಗೆ ತಂದು ಹೂವು ಎತ್ತುವವರಿಗೆ ಅದು ದೊಡ್ಡ ಆಸರೆಯೇ ಆಯಿತು. ಆದರೆ ಈ ಎರಡೂ ಪಟ್ಟಣವನ್ನು ಕಣ್ಣಮುಂದೆ ಇಟ್ಟುಕೊಂಡು ರೂಪುಗೊಂಡವು. ಸಿಂಧನೂರಿನ ನಗರಸಭೆಗೆ, ಲಿಂಗಸುಗೂರು ಮತ್ತು ಮಸ್ಕಿಯ ಪುರಸಭೆಗಳಿಗೆ ಕಾಯ್ದೆ ತಗಲುತ್ತದೆ. ಗ್ರಾಮ ಪಂಚಾಯಿತಿಯಾದ ಗುರುಗುಂಟಾದಲ್ಲಿ ಅದೇ ಬುಟ್ಟಿ ಹಿಡಿದು ಅದೇ ಕಟ್ಟೆಯ ಮೇಲೆ ಕೂತವರಿಗೆ ಗುರುತಿನ ಚೀಟಿ ಕೊಡುವವರಿಲ್ಲ. ಊರಿನ ಗಡಿ ದಾಟಿದರೆ ವ್ಯಾಪಾರಿ, ದಾಟದಿದ್ದರೆ ಯಾರೂ ಅಲ್ಲ ಎಂಬುದು ವಿಚಿತ್ರ. ಕಾಯ್ದೆ ತಿದ್ದುವವರೆಗೆ ಕಾಯಬೇಕಿಲ್ಲ. ಪಂಚಾಯಿತಿಯ ನೋಟಿಸ್ ಬೋರ್ಡಿನಲ್ಲಿ ಹೂವಿನವರ, ಅಡುಗೆಯವರ, ಶಾಮಿಯಾನದವರ ಹೆಸರನ್ನು ಅವರವರ ಒಪ್ಪಿಗೆಯ ಮೇಲೆ ನಂಬರ್ ಸಹಿತ ಬರೆದು, ಅದರ ಫೋಟೊ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದಕ್ಕೆ ಅನುದಾನ ಬೇಡ. ಮನೆಯಲ್ಲಿ ಕೂತು ಹೂವು ಕಟ್ಟುವ ಹೆಂಗಸರು ಸಂಜೀವಿನಿ ಯೋಜನೆಯ ಸ್ವಸಹಾಯ ಸಂಘಗಳಲ್ಲಿದ್ದರೆ, ಸಂಘದ ಹೆಸರಿನಲ್ಲಿ ಒಂದು ಫೋನು ಇಟ್ಟುಕೊಂಡು ಆರ್ಡರ್ ಹಂಚಿಕೊಳ್ಳಬಹುದು. 1910ರ ಹೂವಿನವರ ಸಂಘ ಮೊದಲು ಮಾಡಿದ್ದೂ ಇದನ್ನೇ ಅಲ್ಲವೇ? ಗುರುಗುಂಟಾದ ಹೂವಿನವರು ಲಿಂಗಸುಗೂರಿನವರೊಡನೆ, ಅವರು ಮಸ್ಕಿ, ಸಿಂಧನೂರಿನವರೊಡನೆ ನಂಬರ್ ಹಂಚಿಕೊಂಡರೆ ಮೂರು ತಾಲ್ಲೂಕಿನ ಜಾಲ ತಾನಾಗಿ ಕಟ್ಟಿಕೊಳ್ಳುತ್ತದೆ. ಈ ಊರುಗಳ ನಡುವೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳು ಓಡಾಡುತ್ತಲೇ ಇವೆ.

ಹುಡುಕುವ ಬಗೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಸ್ಥಳೀಯರಿಂದಲೇ ಕೊಳ್ಳಿ ಎಂದಷ್ಟೇ ಹೇಳಿ ದಾರಿ ತೋರಿಸದಿದ್ದರೆ ಅದು ಬರಿಯ ಉಪದೇಶ. ಅಂತರ್ಜಾಲದಲ್ಲಿ ನಂಬರ್ ಸಿಕ್ಕಿದರೆ ಮೊದಲು ಅದೇ ನಂಬರನ್ನು ಇನ್ನೊಂದು ಊರಿನ ಹೆಸರಿನ ಜೊತೆ ಹುಡುಕಿ. ಮಸ್ಕಿಯಲ್ಲೂ ಮಡಿಕೇರಿಯಲ್ಲೂ ಅದೇ ನಂಬರ್ ಇದ್ದರೆ ಅದು ಅಂಗಡಿಯಲ್ಲ. ಫೋನ್ ಎತ್ತಿದವರಿಗೆ ಒಂದೇ ಪ್ರಶ್ನೆ ಕೇಳಿ: ಬಸ್‌ಸ್ಟ್ಯಾಂಡಿನಿಂದ ಇಳಿದರೆ ನಿಮ್ಮ ಅಂಗಡಿ ಎಡಕ್ಕೋ ಬಲಕ್ಕೋ? ಊರಿನವರಾದರೆ ಯೋಚಿಸದೆ ಹೇಳುತ್ತಾರೆ. ನಂಬರೇ ಸಿಗದಿದ್ದರೆ ಗುಡಿಯ ಪೂಜಾರಿಗೋ, ಓಣಿಯ ಕಿರಾಣಿ ಅಂಗಡಿಗೋ, ಮದುವೆ ಮಂಟಪದವರಿಗೋ ಕೇಳಿದರೆ ಹೂವು ಕೊಡುವವರು ಯಾರೆಂದು ಗೊತ್ತಾಗುತ್ತದೆ. ಹಾರ ಎಂದಷ್ಟೇ ಹೇಳದೆ ಯಾತಕ್ಕೆ, ಎಷ್ಟು ಹೊತ್ತಿಗೆ, ಯಾರ ಕೈಗೆ ಎಂಬುದನ್ನು ಹೇಳಿ, ಹೂವು ಯಾವುದೆಂಬುದನ್ನು ಅವರಿಗೇ ಬಿಡಿ. ಅರ್ಧ ದುಡ್ಡು ಮೊದಲು, ಕಟ್ಟಿದ ಮೇಲೆ ಫೋಟೊ ನೋಡಿ ಉಳಿದರ್ಧ. ಇದಕ್ಕೆ ಯಾರೂ ಬೇಸರಪಡುವುದಿಲ್ಲ. ಮನೆಗೆ ಒಯ್ಯುವ ಹುಡುಗನ ಕೂಲಿಯನ್ನು ಕೇಳುವ ಮೊದಲೇ ಸೇರಿಸಿ ಕೊಡಿ. ಹಬ್ಬದ ದಿನವಾದರೆ ಎರಡು ದಿನ ಮುಂಚೆ, ಮಲ್ಲಿಗೆ ಬೇಕಿದ್ದರೆ ಹಿಂದಿನ ಸಂಜೆಯೇ ಹೇಳಿಡಿ.

ಈ ವಾರ ಊರಿಗೆ ಫೋನ್ ಮಾಡಿದಾಗ ಮಳೆ, ಬೆಳೆ, ಆರೋಗ್ಯ ಎಲ್ಲ ಕೇಳಿದ ಮೇಲೆ ಇನ್ನೊಂದು ಮಾತು ಕೇಳಿ: ಅವ್ವ, ನೀ ದಿನಾ ಹೂವು ತಗೋತಿಯಲ್ಲ, ಅವರ ನಂಬರ್ ಏನು? ಬರೆದಿಟ್ಟುಕೊಳ್ಳಿ.